ರಾಖ್ಮನಿನಾಫ್: ಮೌನದಿಂದ ಮರಳಿದ ಸಂಗೀತಗಾರ

ಸಂಗೀತ ರಚನಕಾರರು ತಮ್ಮ ಕೃತಿಗಳನ್ನು ದೊರೆಗಳಿಗೆ, ಗುರುಗಳಿಗೆ, ಪ್ರೇಯಸಿಯರಿಗೆ ಅರ್ಪಿಸಿರುವುದು ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಸಾಮಾನ್ಯ ಸಂಗತಿ. ಆದರೆ ಸೆರ್ಗೈ ರಾಖ್ಮನಿನಾಫ್‌ನ ಎರಡನೆಯ ಪಿಯಾನೊ ಕನ್ಸರ್ಟೊದ ಮೊದಲ ಪುಟದಲ್ಲಿ ಇರುವುದು ಒಬ್ಬ ವೈದ್ಯನ ಹೆಸರು: ನಿಕೊಲಾಯ್ ಡಾಲ್. ಒಂಟಿ ಪಿಯಾನೊ ಮತ್ತು ತುಂಬು ವಾದ್ಯವೃಂದ ಪರಸ್ಪರ ಮಾತಾಡಿಕೊಳ್ಳುವಂತೆ ಸಾಗುವ ಈ ರಚನೆ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನುಡಿಸಲ್ಪಡುವ ಕೃತಿಗಳಲ್ಲೊಂದು. 1945ರ ‘ಬ್ರೀಫ್ ಎನ್‌ಕೌಂಟರ್’ ಎಂಬ ಇಂಗ್ಲಿಷ್ ಚಲನಚಿತ್ರವನ್ನು ನೋಡಿದವರ ಕಿವಿಯಲ್ಲಿ ಅದು ಉಳಿದೇ ಇರುತ್ತದೆ. ಹಾಗಿದ್ದೂ, ಈ ಕೃತಿ ಹುಟ್ಟುವುದಕ್ಕೆ ಮೊದಲು ಅದರ ಕರ್ತೃ ಮೂರು ವರ್ಷಗಳ ಕಾಲ ಹೆಚ್ಚುಕಡಿಮೆ ಏನನ್ನೂ ಬರೆಯಲಾರದೆ ಕುಳಿತಿದ್ದನೆಂಬುದು ಅನೇಕರಿಗೆ ತಿಳಿಯದು.

ರಾಖ್ಮನಿನಾಫ್ ಹುಟ್ಟಿದ್ದು 1873ರಲ್ಲಿ, ರಷ್ಯಾದ ನೊವ್ಗೊರೊದ್ ಪ್ರಾಂತದ ಜಮೀನ್ದಾರಿ ಮನೆತನದಲ್ಲಿ. ತಂದೆ ದುಂದುಗಾರ, ಆಸ್ತಿಯೆಲ್ಲ ಒಂದೊಂದಾಗಿ ಕರಗಿತು. ಕುಟುಂಬ ಪೀಟರ್ಸ್‌ಬರ್ಗ್‌ನ ಇಕ್ಕಟ್ಟಾದ ಮನೆಯೊಂದಕ್ಕೆ ಬಂದ ಸ್ವಲ್ಪ ಕಾಲದಲ್ಲೇ ಸೋದರಿ ಸೋಫಿಯಾ ಗಂಟಲಮಾರಿಗೆ ಬಲಿಯಾದಳು. ತಂದೆತಾಯಿ ಬೇರೆಯಾದರು. 1885ರಲ್ಲಿ, ಸಂಗೀತದಲ್ಲಿ ಅವನಿಗೆ ತೀರ ಹತ್ತಿರವಾಗಿದ್ದ ಅಕ್ಕ ಎಲೆನಾ ಕೂಡ ತೀರಿಕೊಂಡಳು. ಅದೇ ವರ್ಷ ಹುಡುಗ ಶಾಲೆಯ ಪರೀಕ್ಷೆಗಳಲ್ಲಿ ನಪಾಸಾದ. ಮುಂದೆ ಬಂದೆರಗಿದ ಖಿನ್ನತೆಯ ಬೇರು ಇಲ್ಲಿತ್ತೆಂದು ಖಚಿತವಾಗಿ ಹೇಳುವ ಸಾಹಸ ಬೇಡ. ಆದರೆ ಹನ್ನೆರಡನೆಯ ವಯಸ್ಸಿಗೆ ಇಷ್ಟನ್ನು ಕಂಡ ಮಗು ಗಂಭೀರವಾಗಿ ಬೆಳೆದದ್ದರಲ್ಲಿ ಆಶ್ಚರ್ಯವೇನಿದೆ?

ಸೋದರಬಂಧು ಸಿಲೋತಿಯ ಸಲಹೆಯಂತೆ ಅವನನ್ನು ಮಾಸ್ಕೋದ ಜ್ವೆರೆವ್ ಎಂಬ ಕಟ್ಟುನಿಟ್ಟಿನ ಗುರುವಿನ ಮನೆಗೆ ಕಳುಹಿಸಲಾಯಿತು. ನಸುಕಿನಲ್ಲೇ ಎದ್ದು ಪಿಯಾನೊ ಮುಂದೆ ಕೂಡಬೇಕಾದ ಗುರುಕುಲವಾಸ ಅದು. ಫಲ ಬೇಗನೆ ಕಂಡಿತು. 1892ರಲ್ಲಿ ‘ಅಲೇಕೊ’ ಎಂಬ ಗೀತನಾಟಕವನ್ನು ರಚಿಸಿ ಮಾಸ್ಕೋ ಸಂಗೀತ ವಿದ್ಯಾಲಯದ ಮಹಾ ಸ್ವರ್ಣಪದಕವನ್ನು ಪಡೆದ. ಮಹಾನ್ ರಚನಕಾರ ಚೈಕೋವ್‌ಸ್ಕಿ ಬೆನ್ನು ತಟ್ಟಿದ. ಅದೇ ವರ್ಷ ಬರೆದ ಪುಟ್ಟದೊಂದು ಪಿಯಾನೊ ರಚನೆ ಅವನ ಹೆಸರನ್ನು ಯುರೋಪಿನ ಉದ್ದಗಲಕ್ಕೂ ಒಯ್ದಿತು. ಸೋಲೆಂಬುದನ್ನು ತಿಳಿಯದ ಪ್ರತಿಭೆಯೆಂದು ಎಲ್ಲರೂ ನಂಬಿದ ಹೊತ್ತಿಗೆ ಅವನು ತನ್ನ ಮೊದಲನೆಯ ಸಿಂಫನಿಗೆ ಕೈಹಾಕಿದ.

1895ರ ಬಹುಭಾಗವನ್ನು ಆ ಒಂದು ಕೃತಿಯೇ ನುಂಗಿತು. 1897ರ ಮಾರ್ಚ್‌ನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ವಾದ್ಯವೃಂದವನ್ನು ನಡೆಸಿದವನು ಖ್ಯಾತ ರಚನಕಾರ ಗ್ಲಾಜುನೊವ್. ಅಭ್ಯಾಸಕ್ಕೆ ಸಾಕಷ್ಟು ಸಮಯ ಸಿಕ್ಕಿರಲಿಲ್ಲ. ಒಂದೇ ಕಛೇರಿಯಲ್ಲಿ ಹೊಸ ಕೃತಿಗಳು ಒಂದಕ್ಕಿಂತ ಹೆಚ್ಚಿದ್ದವು. ಗ್ಲಾಜುನೊವ್ ಅಂದು ಪಾನಮತ್ತನಾಗಿದ್ದನೆಂಬ ಮಾತನ್ನು ರಾಖ್ಮನಿನಾಫ್‌ನ ಹತ್ತಿರದವರು ಮುಂದೆ ಆಡಿದ್ದುಂಟು. ಅದು ನಿಜವೋ ಅಲ್ಲವೋ, ನುಡಿಸಾಣಿಕೆಯಂತೂ ದಾರುಣವಾಗಿತ್ತು. ತನ್ನ ಕೃತಿ ಹದಗೆಡುವುದನ್ನು ಕೇಳಲಾರದೆ ಯುವಕ ಸಭಾಂಗಣದಿಂದ ಎದ್ದು ಹೊರಗಿನ ಮೆಟ್ಟಿಲ ಮೇಲೆ ಅವಿತು ಕುಳಿತ. ಮರುದಿನಗಳಲ್ಲಿ ವಿಮರ್ಶಕ ಸೀಸರ್ ಕ್ಯುಯಿ ಆ ಕೃತಿಯನ್ನು ಬೈಬಲ್ಲಿನಲ್ಲಿ ಈಜಿಪ್ಟಿಗೆ ಬಂದೆರಗಿದ ಉತ್ಪಾತಗಳಿಗೆ ಹೋಲಿಸಿ, ನರಕದಲ್ಲೊಂದು ಸಂಗೀತಶಾಲೆಯಿದ್ದರೆ ಅಲ್ಲಿನವರಿಗೆ ಇದು ಹಿಡಿಸೀತೆಂಬ ಅರ್ಥದಲ್ಲಿ ಬರೆದ. ವಿಮರ್ಶೆ ಕಟುವಾಗಿರಬಾರದೆಂದಿಲ್ಲ. ಆದರೆ ಕೆಟ್ಟ ನುಡಿಸಾಣಿಕೆಯ ಪಾಪವನ್ನು ಕೃತಿಯ ತಲೆಗೆ ಕಟ್ಟಿದ್ದು ಅನ್ಯಾಯವೆಂದೇ ಹೇಳಬೇಕು.

ಆಗ ಅವನಿಗೆ 24 ತುಂಬುತ್ತಿತ್ತು. ಆ ಬಳಿಕ ಕವಿದದ್ದು ಬರಿಯ ಬೇಸರವಲ್ಲ. ನಿದ್ರೆ ಕೆಟ್ಟಿತು, ಊಟ ಸೇರದಾಯಿತು, ಹೊಸದೊಂದು ಸಾಲು ಬರೆಯುವ ಶಕ್ತಿಯೇ ಉಡುಗಿತು. ದಿನದ ಬಹುಭಾಗ ನಿಸ್ತೇಜನಾಗಿ ಮಲಗಿರುತ್ತಿದ್ದ ಕಾಲವೂ ಇತ್ತು. ಹೊಟ್ಟೆಪಾಡಿಗೆ ಒಲ್ಲದ ಮನಸ್ಸಿನಿಂದ ಪಿಯಾನೊ ಪಾಠ ಹೇಳುತ್ತಿದ್ದ. ಆದರೂ ಹೊರಗಿನ ಬದುಕು ಪೂರ್ತಿ ನಿಂತಿರಲಿಲ್ಲ. 1897ರ ಶರತ್ಕಾಲದಲ್ಲಿ ಉದ್ಯಮಿ ಮಾಮೊಂತೊವ್ ತನ್ನ ಖಾಸಗಿ ಗೀತನಾಟಕ ಮಂಡಳಿಯಲ್ಲಿ ವಾದ್ಯವೃಂದದ ಸಹನಿರ್ದೇಶಕನ ಕೆಲಸ ಕೊಟ್ಟ. ಮಹಾಗಾಯಕ ಶಲ್ಯಾಪಿನ್‌ನ ಸ್ನೇಹ ಅಲ್ಲಿಯೇ ಕುದುರಿತು. 1899ರಲ್ಲಿ ಲಂಡನ್ನಿಗೂ ಹೋಗಿ ಚಪ್ಪಾಳೆ ಗಿಟ್ಟಿಸಿದ. ನಡೆದಾಡುವ, ದುಡಿಯುವ, ನಗುವ ಮನುಷ್ಯನಿಗೆ ಮನೋವ್ಯಾಧಿ ಎಲ್ಲಿಂದ ಬರಬೇಕೆಂದು ಕೇಳುವವರು ನಮ್ಮ ನಡುವೆ ಇಂದಿಗೂ ಇದ್ದಾರಷ್ಟೆ. ಅಂಥವರು ಈ ಎರಡು ವರ್ಷಗಳ ಕಥೆಯನ್ನು ಓದಬೇಕು. ಲಂಡನ್ನಿನವರಿಗೆ ಹೊಸ ಕನ್ಸರ್ಟೊ ಬರೆದುಕೊಡುವೆನೆಂದು ಮಾತು ಕೊಟ್ಟು ಬಂದವನಿಗೆ ಒಂದು ಪುಟವೂ ಸಾಗಲಿಲ್ಲ.

ಹಿತೈಷಿಗಳು ಮೊದಲು ಹಿಡಿದ ದಾರಿ ಉಪದೇಶದ್ದು. ರಾಖ್ಮನಿನಾಫ್ ಟಾಲ್‌ಸ್ಟಾಯ್‌ನನ್ನು ದೇವರಂತೆ ಕಾಣುತ್ತಿದ್ದ. ಆ ಹಿರಿಯನ ನಾಲ್ಕು ಮಾತು ಇವನನ್ನು ಎತ್ತಿ ನಿಲ್ಲಿಸೀತೆಂಬ ಆಸೆಯಿಂದ ಭೇಟಿ ಏರ್ಪಡಿಸಿದರು. 1900ರ ಜನವರಿಯ ಒಂದು ಭೇಟಿಯಲ್ಲಿ ಶಲ್ಯಾಪಿನ್ ಹಾಡಿದ, ರಾಖ್ಮನಿನಾಫ್ ನುಡಿಸಿದ. ಹಾಡು ಮುಗಿದಾಗ ಟಾಲ್‌ಸ್ಟಾಯ್ ಮೆಚ್ಚಲಿಲ್ಲ. ಇಂಥ ಸಂಗೀತದಿಂದ ಯಾರಿಗೇನು ಪ್ರಯೋಜನವೆಂದು ಪ್ರಶ್ನಿಸಿದ. ಆಮೇಲೆ ಸಮಾಧಾನ ಹೇಳಿದನಾದರೂ ಕಾಲ ಮಿಂಚಿತ್ತು. ನೊಂದ ಮನಸ್ಸನ್ನು ಮಹಾಪುರುಷರ ಸನ್ನಿಧಿಗೆ ಕರೆದೊಯ್ದರೆ ಸಾಕೆಂಬ ನಂಬಿಕೆ ರಷ್ಯಾಕ್ಕೆ ಮಾತ್ರ ಸೀಮಿತವಲ್ಲ.

ಇದಾದ ಮೇಲೆ ಬಂಧುಗಳಾದ ಸಾತಿನ್ ಮನೆಯವರು ಅವನನ್ನು ಡಾ. ಡಾಲ್ ಬಳಿಗೆ ಕಳುಹಿಸಿದರು. ಖಿನ್ನತೆಗೆಂದೇ ತಯಾರಾದ ಮಾತ್ರೆಗಳು ಬಂದದ್ದು 1950ರ ದಶಕದಲ್ಲಿ. ಫ್ರಾಯ್ಡ್‌ನ ಕನಸುಗಳ ಗ್ರಂಥ ಆಗಷ್ಟೇ ವಿಯೆನ್ನಾದಲ್ಲಿ ಹೊರಬಂದಿತ್ತು. ಡಾಲ್‌ನ ಕೈಯಲ್ಲಿದ್ದದ್ದು ಸಂಮೋಹನ ವಿದ್ಯೆ ಮತ್ತು ಸಂಭಾಷಣೆ. 1900ರ ಜನವರಿಯಿಂದ ಏಪ್ರಿಲ್‌ವರೆಗೆ ದಿನವೂ ಚಿಕಿತ್ಸೆ ನಡೆಯಿತು. ವೈದ್ಯನ ಕೋಣೆಯ ಆರಾಮಕುರ್ಚಿಯಲ್ಲಿ ರೋಗಿ ಅರೆನಿದ್ದೆಯಲ್ಲಿ ಒರಗಿರುವಾಗ, ಅವನು ಮತ್ತೆ ಕನ್ಸರ್ಟೊ ಬರೆಯಲಾರಂಭಿಸುವನು, ಕೆಲಸ ಸಲೀಸಾಗಿ ಸಾಗುವುದು, ಕೃತಿ ಉತ್ತಮವಾಗುವುದು ಎಂಬ ಭರವಸೆಯನ್ನು ಡಾಲ್ ಮತ್ತೆ ಮತ್ತೆ ಕಿವಿಗೆ ಹಾಕುತ್ತಿದ್ದ. ಮೊದಲ ಗುರಿ ನಿದ್ರೆ, ಹಸಿವು ಮತ್ತು ಹಗಲಿನ ಉತ್ಸಾಹ. ಬರವಣಿಗೆಯ ಆಸೆ ಅದರ ಬೆನ್ನಿಗೆ. ಇದಿಷ್ಟೇ ಆಗಿದ್ದರೆ ಕಥೆ ಪವಾಡದಂತೆ ತೋರುತ್ತಿತ್ತು. ಆದರೆ ಡಾಲ್ ಸ್ವತಃ ತಂತಿವಾದ್ಯ ನುಡಿಸಬಲ್ಲ ನುರಿತ ಹವ್ಯಾಸಿ. ರೋಗಿಯೊಡನೆ ಅವನು ಬಹಳ ಹೊತ್ತು ಸಂಗೀತದ ಕುರಿತು ಮಾತಾಡುತ್ತಿದ್ದ. ತನ್ನ ನೋವಿನ ಭಾಷೆಯನ್ನು ಬಲ್ಲ, ತೀರ್ಪು ಕೊಡದ ಕೇಳುಗನೊಬ್ಬ ರಾಖ್ಮನಿನಾಫ್‌ಗೆ ಸಿಕ್ಕಿದ್ದ. ಗುಣವಾದದ್ದು ಸಂಮೋಹನದಿಂದಲೇ ಎಂದು ಎಲ್ಲ ಜೀವನಚರಿತ್ರಕಾರರೂ ಒಪ್ಪುವುದಿಲ್ಲ. ನನ್ನ ಮಟ್ಟಿಗೆ, ದಿನವೂ ತಪ್ಪದೆ ನಡೆದ ಆ ಮಾತುಕತೆಗೇ ಹೆಚ್ಚಿನ ಪಾಲು ಸಲ್ಲಬೇಕು.

ಬೇಸಿಗೆಯಲ್ಲಿ ಶಲ್ಯಾಪಿನ್ ಜೊತೆ ಇಟಲಿಯ ಕಡಲತೀರಕ್ಕೆ ಹೋದಾಗ ಸ್ವರಗಳು ಮೂಡತೊಡಗಿದವು. ಊರಿಗೆ ಮರಳಿ ಕನ್ಸರ್ಟೊದ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಮೊದಲು ಬರೆದ. ಆರಂಭದ ಭಾಗ ಕೈಗೆಟುಕದಿದ್ದರೆ ಎಟುಕಿದಲ್ಲಿಂದ ತೊಡಗಿದ. ಆ ಎರಡು ಭಾಗಗಳನ್ನು 1900ರ ಡಿಸೆಂಬರ್‌ನಲ್ಲಿ ನುಡಿಸಿ ಜನರ ಮೆಚ್ಚುಗೆ ಪಡೆದ ಮೇಲೆಯೇ ಮೊದಲ ಭಾಗ ಪೂರ್ಣಗೊಂಡಿತು. 1901ರ ನವೆಂಬರ್ 9ರಂದು ಮಾಸ್ಕೋದಲ್ಲಿ ಸಿಲೋತಿಯ ನಿರ್ದೇಶನದಲ್ಲಿ ಇಡೀ ಕೃತಿ ಕೇಳಿಬಂತು. ಅದಕ್ಕೆ ಕೆಲವೇ ದಿನ ಮುಂಚೆ ಗೆಳೆಯನೊಬ್ಬ ಮೊದಲ ಭಾಗದಲ್ಲೊಂದು ದೋಷವನ್ನು ತೋರಿಸಲು, ರಾಖ್ಮನಿನಾಫ್ ಹಳೆಯ ಕತ್ತಲಿಗೆ ಜಾರುವುದರಲ್ಲಿದ್ದ. ಆದರೆ ಈ ಸಲ ಅವನು ಮೆಟ್ಟಿಲ ಮೇಲೆ ಅವಿಯಲಿಲ್ಲ. ವೇದಿಕೆಗೆ ಹೋಗಿ ಪಿಯಾನೊ ಮುಂದೆ ಕುಳಿತ. ಮರುವರ್ಷ ಸಾತಿನ್ ಮನೆಯ ನತಾಲಿಯಾಳನ್ನು ಮದುವೆಯಾದ. ಸಿಂಫನಿಯೆಂಬ ಪ್ರಕಾರಕ್ಕೆ ಮರಳಲು ಮಾತ್ರ ಸುಮಾರು ಹತ್ತು ವರ್ಷ ಬೇಕಾಯಿತು. 1908ರಲ್ಲಿ ಎರಡನೆಯ ಸಿಂಫನಿಯ ಮೊದಲ ಪ್ರಯೋಗವಾದಾಗ ವಾದ್ಯವೃಂದವನ್ನು ಇತರರ ಕೈಗೆ ಕೊಡದೆ ತಾನೇ ನಡೆಸಿದ.

ಅವನು ಸಂದೇಹದಿಂದ ಶಾಶ್ವತವಾಗಿ ಮುಕ್ತನಾದನೆಂದು ಬರೆದರೆ ಸುಳ್ಳಾಗುತ್ತದೆ. 1917ರ ಕ್ರಾಂತಿಯ ಬೆನ್ನಲ್ಲೇ ದೇಶ ಬಿಟ್ಟ ಮೇಲೆ ಕಾಲು ಶತಮಾನದಲ್ಲಿ ಅವನು ಬರೆದ ಹೊಸ ದೊಡ್ಡ ಕೃತಿಗಳು ಆರೇ ಆರು. 1931ರಲ್ಲಿ ರಚಿಸಿದ ಪಿಯಾನೊ ಕೃತಿಯೊಂದನ್ನು ನುಡಿಸುವಾಗ, ಸಭಿಕರ ಕೆಮ್ಮು ಹೆಚ್ಚಾದರೆ ಮುಂದಿನ ತುಣುಕನ್ನು ಬಿಟ್ಟುಬಿಡುತ್ತಿದ್ದುದಾಗಿ ಮಿತ್ರನಿಗೆ ತಿಳಿಸಿದ್ದಾನೆ. ಅತ್ತ ಡಾಲ್ ಕೂಡ ರಷ್ಯಾ ತೊರೆದು ಬೈರೂತ್ ಸೇರಿದ್ದ. 1928ರಲ್ಲಿ ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ವಾದ್ಯವೃಂದ ಅದೇ ಕನ್ಸರ್ಟೊ ನುಡಿಸಿದಾಗ, ವಯೋಲಾ ನುಡಿಸುತ್ತಿದ್ದ ಮುದುಕನೇ ಈ ಕೃತಿ ಅರ್ಪಿತನಾದ ವೈದ್ಯನೆಂದು ತಿಳಿದ ಸಭಿಕರು, ಅವನು ಎದ್ದು ವಂದಿಸುವವರೆಗೂ ಸುಮ್ಮನಾಗಲಿಲ್ಲ.

ಇನ್ನು ಆ ಮೊದಲ ಸಿಂಫನಿ. ರಾಖ್ಮನಿನಾಫ್ ಅದನ್ನು ಸುಡಲಿಲ್ಲ, ಅಚ್ಚಿಗೂ ಕೊಡಲಿಲ್ಲ. ದೇಶ ಬಿಡುವಾಗ ಹಸ್ತಪ್ರತಿ ಅಲ್ಲೇ ಉಳಿದು ಕಾಣೆಯಾಯಿತು. 1940ರಲ್ಲಿ ಬರೆದ ತನ್ನ ಕಡೆಯ ಕೃತಿ ‘ಸಿಂಫನಿಕ್ ಡಾನ್ಸಸ್’ನ ಮೊದಲ ಭಾಗದ ಅಂತ್ಯದಲ್ಲಿ ಅವನು ಆ ಸಿಂಫನಿಯ ಉಗ್ರ ರಾಗವನ್ನು ಶಾಂತವಾದ, ಬೆಳಕು ತುಂಬಿದ ರೂಪದಲ್ಲಿ ತಂದಿಟ್ಟ. ಅಂದು ಕೇಳಿದ ಅಮೆರಿಕದ ಶ್ರೋತೃಗಳಿಗೆ ಅದರ ಮೂಲವನ್ನು ತಿಳಿಯುವ ದಾರಿಯೇ ಇರಲಿಲ್ಲ. 1943ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದಲ್ಲಿ ಅವನು ತೀರಿಕೊಂಡ. ಮರುವರ್ಷ ಲೆನಿನ್‌ಗ್ರಾದ್‌ನ ಸಂಗೀತ ವಿದ್ಯಾಲಯದ ಗ್ರಂಥಾಲಯದಲ್ಲಿ ಆ ಸಿಂಫನಿಯ ವಾದ್ಯಪ್ರತಿಗಳು ದೊರೆತವು. ಅವುಗಳಿಂದ ಇಡೀ ಕೃತಿಯನ್ನು ಮರಳಿ ಜೋಡಿಸಿ, 1945ರ ಅಕ್ಟೋಬರ್ 17ರಂದು ಮಾಸ್ಕೋದಲ್ಲಿ ನುಡಿಸಲಾಯಿತು.