ವೆಂಕಮ್ಮನ ಹಿರಿಮಗ: ಮಸರಕಲ್ಲಿನ ಗೋಪಾಲದಾಸರು

ರಾಯಚೂರು: ದಾಸಸಾಹಿತ್ಯದ ಮಾತು ಬಂದಾಗ ಪುರಂದರ, ಕನಕರ ಬಳಿಕ ಓದುಗರ ನೆನಪು ಹೊರಳುವುದು ರಾಯಚೂರು ಸೀಮೆಯತ್ತ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಒಂದು ತುದಿ. ಅದೇ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು ಇನ್ನೊಂದು ತುದಿ. ಇವರಿಬ್ಬರನ್ನು ಬೆಸೆದವರು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರು. ದಾಸರ ಚರಿತ್ರೆಗಳಲ್ಲಿ ಈ ಊರಿನ ಹೆಸರು ಮೊಸರಕಲ್ಲು ಎಂದಿದೆ.

ಗೋಪಾಲದಾಸರ ಜನನ 1721ರ ಸುಮಾರಿಗೆ. ಹುಟ್ಟುಹೆಸರು ಭಾಗಣ್ಣ. ತಂದೆ ಮುರಾರಿ, ತಾಯಿ ವೆಂಕಮ್ಮ. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಸೀನಪ್ಪ, ದಾಸಪ್ಪ, ರಂಗಪ್ಪ ತಮ್ಮಂದಿರು. ಮಕ್ಕಳಿನ್ನೂ ಚಿಕ್ಕವರಿರುವಾಗಲೇ ಮುರಾರಿ ತೀರಿಕೊಂಡರು. ಮನೆಯ ಯಜಮಾನನಿಲ್ಲದ ಸಂಸಾರದ ಹೊಲಮನೆಗಳನ್ನು ದಾಯಾದಿಗಳು ಕಬಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ವೆಂಕಮ್ಮ ನಾಲ್ವರು ಮಕ್ಕಳ ಕೈಹಿಡಿದು ಊರು ಬಿಟ್ಟರು. ಸಂಕಾಪುರ ಎಂಬ ಹಳ್ಳಿಯ ಹನುಮಂತದೇವರ ಗುಡಿಯೇ ಆ ಕುಟುಂಬಕ್ಕೆ ಆಸರೆಯಾಯಿತು.

ಇಂದಿಗೂ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಕುಟುಂಬಗಳು ಕೆಲಸ ಅರಸಿ ಬೆಂಗಳೂರಿಗೆ ಗುಳೆ ಹೋಗುತ್ತವೆ. ಗಂಟುಮೂಟೆಗಳ ನಡುವೆ ಕುಳಿತ ಮಕ್ಕಳನ್ನು ಬಸ್ ನಿಲ್ದಾಣಗಳಲ್ಲಿ ಕಂಡವರಿಗೆ ವೆಂಕಮ್ಮನ ಸಂಸಾರದ ಚಿತ್ರ ಕಣ್ಣಿಗೆ ಕಟ್ಟುವುದು ಕಷ್ಟವಲ್ಲ. ತಂದೆಯ ಸಾವು, ಬಂಧುಗಳ ದ್ರೋಹ, ಪರಸ್ಥಳ, ಹಸಿವು. ಬೆಳೆಯುವ ಹುಡುಗನ ಎದೆಯಲ್ಲಿ ದ್ವೇಷ ಬೇರೂರಲು ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಆ ತಾಯಿಯ ಬಗ್ಗೆ ಚರಿತ್ರೆಕಾರರು ಜಿಪುಣತನ ತೋರಿದ್ದಾರೆ. ಹೆಸರು ಹೇಳಿ ಮುಂದೆ ಸಾಗುತ್ತಾರೆ. ಆದರೆ ಮಕ್ಕಳು ಏನಾದರೆಂಬುದು ದಾಖಲಾಗಿದೆ. ಕಳೆದುಕೊಂಡ ಹೊಲಕ್ಕಾಗಿ ನಾಲ್ವರು ಜೀವನವಿಡೀ ಕಾದಾಡಲಿಲ್ಲ, ನಾಲ್ವರೂ ಹರಿದಾಸರಾದರು. ಹಿರಿಯರದು ಗೋಪಾಲವಿಠಲ ಅಂಕಿತ. ತಮ್ಮಂದಿರ ಅಂಕಿತಗಳು ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ. ತಂದೆಯನ್ನು ಕಳೆದುಕೊಂಡ ಮನೆಯ ಒಂದು ಅಂಕಿತದಲ್ಲಿ ತಂದೆ ಎಂಬ ಪದ ಉಳಿದಿರುವುದು ಗಮನಿಸತಕ್ಕದ್ದು. ಒಡಹುಟ್ಟಿದವರೆಲ್ಲರೂ ಒಂದೇ ಹಾದಿಗೆ ಬಂದ ಇಂತಹ ಮನೆ ದಾಸಪರಂಪರೆಯಲ್ಲಿ ಅಪರೂಪ. ಅದರಲ್ಲಿ ವೆಂಕಮ್ಮನ ಪಾಲೆಷ್ಟೆಂಬುದನ್ನು ಯಾರೂ ಬರೆದಿಟ್ಟಿಲ್ಲವಾದರೂ, ಪಾಲಿತ್ತೆಂದು ನಂಬಲು ಅಡ್ಡಿಯಿಲ್ಲ.

ಸಂಕಾಪುರದಲ್ಲಿ ಭಾಗಣ್ಣ ಗಾಯತ್ರೀ ಜಪದಲ್ಲಿ ತೊಡಗಿದರು. ಭವಿಷ್ಯ ನುಡಿಯಬಲ್ಲವರೆಂದು ಹೆಸರಾದರು. ಜನ ಹುಡುಕಿಕೊಂಡು ಬರತೊಡಗಿದರು. ಮೊದಲು ವೆಂಕಟಕೃಷ್ಣ ಎಂಬ ಅಂಕಿತದಲ್ಲಿ ಹಾಡು ಕಟ್ಟುತ್ತಿದ್ದ ಅವರಿಗೆ ಗೋಪಾಲವಿಠಲ ಎಂಬ ಅಂಕಿತವಿತ್ತವರು ವಿಜಯದಾಸರು. ಮುಂದೆ ಅವರು ನೆಲೆಸಿದ್ದು ಇಂದಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರಿನಲ್ಲಿ. ಭಕ್ತಿಗೆ ಭಾಗಣ್ಣನೆಂಬ ಕೀರ್ತಿ ಅವರಿಗೆ ಅಂಟಿಕೊಂಡಿತು.

ಆದರೆ ಅವರ ಬದುಕಿನ ದೊಡ್ಡ ಘಟನೆ ಭವಿಷ್ಯ ಹೇಳಿದ್ದಲ್ಲ. ಅದು ಒಬ್ಬ ಸಿಟ್ಟಿನ, ಸೆಡವಿನ ಯುವಕನನ್ನು ಬರಮಾಡಿಕೊಂಡ ರೀತಿ.

ಬ್ಯಾಗವಾಟದ ಶ್ರೀನಿವಾಸಾಚಾರ್ಯರು 1728ರಲ್ಲಿ ಜನಿಸಿದವರು, ಸಂಸ್ಕೃತದಲ್ಲಿ ಮಹಾಪಂಡಿತರು. ಕನ್ನಡದಲ್ಲಿ ಹಾಡುತ್ತ, ಗೆಜ್ಜೆ ಕಟ್ಟಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಆಹ್ವಾನಿಸಿದಾಗ, ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪ ನಿಜವಾಯಿತು. ಉದರಶೂಲೆ ಅವರನ್ನು ಹಿಂಡಿತು. ಔಷಧ, ಸೇವೆ, ಯಾತ್ರೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಮಂತ್ರಾಲಯದಲ್ಲಿ ದೊರೆತ ಸೂಚನೆಯಂತೆ ವಿಜಯದಾಸರ ಬಳಿ ಬಂದರು. ವಿಜಯದಾಸರು ತಾವು ಕ್ಷಮಿಸಿ, ಉತ್ತನೂರಿನ ಶಿಷ್ಯನ ಬಳಿಗೆ ಕಳುಹಿಸಿದರು.

ಇಲ್ಲಿ ಒಂದು ಲೆಕ್ಕ ಹಾಕಬೇಕು. ವಿಜಯದಾಸರು ಕಾಲವಾದದ್ದು 1755ರಲ್ಲಿ. ಅಂದರೆ ಈ ಭೇಟಿಯ ವೇಳೆ ಆಚಾರ್ಯರಿಗೆ 27 ದಾಟಿರಲಾರದು. ಗೋಪಾಲದಾಸರಿಗೂ ಬಹಳವೆಂದರೆ 34. ಏಳೆಂಟು ವರ್ಷ ಮಾತ್ರ ಹಿರಿಯರಾದ, ಶಾಸ್ತ್ರಪಾಠದಲ್ಲಿ ತಮಗೆ ಸಮನಲ್ಲವೆಂದು ತಾವೇ ಎಣಿಸಿದ್ದ ವ್ಯಕ್ತಿಯ ಮುಂದೆ ಆ ಪಂಡಿತರು ನಿಲ್ಲಬೇಕಾಯಿತು. ನೋವಿಗಿಂತ ನಾಚಿಕೆಯೇ ಹೆಚ್ಚು ಸುಟ್ಟಿರಬೇಕು.

ಗೋಪಾಲದಾಸರು ಹಳೆಯ ಅವಮಾನವನ್ನು ಕೆದಕಲಿಲ್ಲ. ಆಚಾರ್ಯರನ್ನು ಹತ್ತಿರ ಇರಿಸಿಕೊಂಡರು. ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ತಿನ್ನಲು ಕೊಟ್ಟರು. ಅನ್ನದ ಅಗುಳೂ ಒಗ್ಗದಿದ್ದ ಹೊಟ್ಟೆಗೆ ರೊಟ್ಟಿ ಒಗ್ಗಿತು. ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಆಚಾರ್ಯರಿಗೆ ಧಾರೆ ಎರೆದರೆಂಬುದು ಭಕ್ತರ ದೃಢ ನಂಬಿಕೆ. ಆಯುರ್ದಾನವನ್ನು ನಂಬದವರಿಗೂ ಆ ರೊಟ್ಟಿಯ ಅರ್ಥ ತಿಳಿಯುತ್ತದೆ. ರಾಯಚೂರು ಸೀಮೆಯಲ್ಲಿ ಮುನಿಸಿಕೊಂಡ ಮಗುವಿಗೆ ತಾಯಿ ಮೊದಲು ಮಾಡುವುದೂ ಅದನ್ನೇ: ವಿಚಾರಣೆ ಆಮೇಲೆ, ರೊಟ್ಟಿ ಮೊದಲು.

ಮಗುವಿನ ಭಾವನೆಯನ್ನು ಒಪ್ಪಿಕೊಳ್ಳಿ, ತಪ್ಪು ನಡತೆಗೆ ಮಾತ್ರ ಮಿತಿ ಹಾಕಿ ಎಂದು ಮನಶ್ಶಾಸ್ತ್ರಜ್ಞ ಹೈಮ್ ಗಿನಾಟ್ 1965ರಲ್ಲಿ ಅಮೆರಿಕದ ತಂದೆತಾಯಿಗಳಿಗೆ ಪುಸ್ತಕ ಬರೆದು ತಿಳಿಸಿದರು. ಅದು ಲಕ್ಷಾಂತರ ಮನೆಗಳನ್ನು ಮುಟ್ಟಿತು. ಉತ್ತನೂರಿನಲ್ಲಿ ನಡೆದದ್ದೂ ಅದಕ್ಕೆ ದೂರವಲ್ಲ. ಆಚಾರ್ಯರ ನೋವು, ನಾಚಿಕೆಗಳಿಗೆ ಅಲ್ಲಿ ಜಾಗವಿತ್ತು. ಪಾಂಡಿತ್ಯದ ಗರ್ವಕ್ಕೆ ಇರಲಿಲ್ಲ. ಕಾಮ, ಕ್ರೋಧ, ಮದ, ಮತ್ಸರಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವುದು, ಅವು ತನ್ನೊಳಗೇ ಇವೆಯೆಂದು ದೇವರೆದುರು ಒಪ್ಪಿಕೊಳ್ಳುವುದು, ಬೇಕಾದರೆ ದೇವರೊಡನೆಯೇ ಜಗಳವಾಡುವುದು ಹರಿದಾಸರ ಹಾಡುಗಳ ಹಳೆಯ ಪದ್ಧತಿ. ನಮ್ಮ ಅಜ್ಜಿಯರು ಮಕ್ಕಳಿಗೆ ಆ ಹಾಡುಗಳನ್ನು ಕಲಿಸುತ್ತಿದ್ದರು. ಈಗ ಅಪಾರ್ಟ್‌ಮೆಂಟುಗಳಲ್ಲಿ ಅಜ್ಜಿಯೂ ಅಪರೂಪ, ಹಾಡೂ ಅಪರೂಪ.

ಗೋಪಾಲದಾಸರ ಈ ಸ್ವಭಾವದ ಫಲ ಉಂಡವರು ಆಚಾರ್ಯರೊಬ್ಬರೇ ಅಲ್ಲ. ಚಂದ್ರಹಾಸನ ಕಥೆ, ಸೀತಾಕಲ್ಯಾಣಗಳನ್ನು ರಚಿಸಿದ ಹೆಳವನಕಟ್ಟೆ ಗಿರಿಯಮ್ಮನವರಿಗೂ ಅವರ ಅನುಗ್ರಹ ದೊರೆಯಿತೆಂದು ಪ್ರತೀತಿ. ಸಂಸಾರದಲ್ಲಿದ್ದೂ ಹಾಡು ಕಟ್ಟುವ ಹೆಣ್ಣುಮಗಳಿಗೆ ಆ ಕಾಲದಲ್ಲಿ ಬೆನ್ನಿಗೆ ನಿಲ್ಲುವವರು ವಿರಳ.

ಗುಣಮುಖರಾದ ಶ್ರೀನಿವಾಸಾಚಾರ್ಯರನ್ನು ಗೋಪಾಲದಾಸರು ಪಂಢರಪುರಕ್ಕೆ ಕಳುಹಿಸಿದರು. ಚಂದ್ರಭಾಗಾ ನದಿಯಲ್ಲಿ ಮೀಯುವಾಗ ಜಗನ್ನಾಥವಿಠಲ ಎಂಬ ಅಂಕಿತವಿದ್ದ ಶಿಲೆ ಅವರಿಗೆ ದೊರೆಯಿತೆಂಬುದು ಐತಿಹ್ಯ. ಕನ್ನಡವನ್ನು ಕೀಳಾಗಿ ಕಂಡಿದ್ದ ಆ ಪಂಡಿತರೇ ಜಗನ್ನಾಥದಾಸರಾಗಿ, ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನು ಕನ್ನಡಕ್ಕೆ ಕೊಟ್ಟರು. 1809ರವರೆಗೆ ಬಾಳಿದರು. ಆಯುಷ್ಯ ಕೊಟ್ಟವರು ಮಾತ್ರ ಅದಕ್ಕೆ ಬಹಳ ಮೊದಲೇ ತೀರಿಕೊಂಡಿದ್ದರು. ಅವರ ಆರಾಧನೆ ಪ್ರತಿವರ್ಷ ಪುಷ್ಯ ಬಹುಳ ಅಷ್ಟಮಿಯಂದು ನಡೆಯುತ್ತದೆ.