ಒಂಟಿ ನಾವಿಕ ಫ್ರಾನ್ಸಿಸ್ ಚಿಚೆಸ್ಟರ್

ನಮ್ಮ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗನಾಗಿ ಫ್ರಾನ್ಸಿಸ್ ಚಿಚೆಸ್ಟರ್ ಹುಟ್ಟಿದರು. ಕಡಲ ಬದಿಯ ನಮ್ಮ ಮಕ್ಕಳಿಗೆ ಇವರ ಕಥೆ ಗೊತ್ತಿರಲಿ ಎಂದು ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಹದಿನೆಂಟರಲ್ಲಿ ಹತ್ತು ಪೌಂಡ್ ಹಿಡಿದು ನ್ಯೂಜಿಲೆಂಡಿಗೆ ಹೋದವರು ವ್ಯಾಪಾರದಲ್ಲಿ ಹಣ ಮಾಡಿದರು, ವಿಮಾನ ಹಾರಿಸಲು ಕಲಿತರು, 1931ರಲ್ಲಿ ಒಬ್ಬರೇ ಟಾಸ್ಮನ್ ಸಮುದ್ರ ದಾಟಿದರು. 1958ರಲ್ಲಿ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಎಂದರು. ಪತ್ನಿ ಶೀಲಾ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಎರಡೇ ವರ್ಷದಲ್ಲಿ ಈ ಮನುಷ್ಯ ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಸ್ಪರ್ಧೆಗೆ ಇಳಿದರು!

ಒಬ್ಬನೇ ಹೋಗುವವನ ದೊಡ್ಡ ಕಷ್ಟ ನಿದ್ದೆ. ಮಲ್ಪೆಯ ಬೋಟಿನಲ್ಲಿ ತಾಂಡೇಲ ಮಲಗಿದರೆ ಇನ್ನೊಬ್ಬ ಚುಕ್ಕಾಣಿ ಹಿಡಿಯುತ್ತಾನೆ. ಚಿಚೆಸ್ಟರ್ ಆ ಇನ್ನೊಬ್ಬನ ಕೆಲಸಕ್ಕೆ ಗಾಳಿಯನ್ನೇ ಇಟ್ಟುಕೊಂಡರು. ದೋಣಿಯ ಹಿಂಬದಿಯಲ್ಲಿ ಗಾಳಿಗೆ ತಿರುಗುವ ಸಣ್ಣ ಹಾಯಿ, ಅದರಿಂದ ಚುಕ್ಕಾಣಿಗೆ ಹಗ್ಗ. ಅದಕ್ಕೆ ಮಿರಾಂಡಾ ಎಂದು ಹೆಸರು. 40 ದಿನಗಳಲ್ಲಿ ನ್ಯೂಯಾರ್ಕ್ ಮುಟ್ಟಿ ಗೆದ್ದರು. ಎರಡನೆಯವರಾಗಿ ಬಂದ ಹ್ಯಾಸ್ಲರ್ ಇಂಥ ಸಾಧನವನ್ನು ಇನ್ನಷ್ಟು ಚೊಕ್ಕ ಮಾಡಿದವರು. ಅದರಲ್ಲಿ ದೋಣಿ ದಾರಿ ತಪ್ಪಿದರೆ ಮೇಲಿನ ಹಲಗೆ ಗಾಳಿಗೆ ವಾಲಿ, ನೀರಿನಲ್ಲಿರುವ ಹುಟ್ಟಿನಂಥ ಪಟ್ಟಿಯನ್ನು ಸ್ವಲ್ಪ ತಿರುಗಿಸುತ್ತದೆ. ಹರಿಯುವ ನೀರು ಆ ಪಟ್ಟಿಯನ್ನು ಲೋಲಕದಂತೆ ಪಕ್ಕಕ್ಕೆ ತಳ್ಳುತ್ತದೆ, ಹಗ್ಗ ಚುಕ್ಕಾಣಿಯನ್ನು ಎಳೆಯುತ್ತದೆ, ದೋಣಿ ದಾರಿಗೆ ಬರುತ್ತದೆ. ಗಾಳಿ ಬರೀ ಸೂಚನೆ ಕೊಟ್ಟರೆ ಸಾಕು, ಬಲ ಕೊಡುವುದು ನೀರು. ಬ್ಯಾಟರಿ ಬೇಡ, ಡೀಸೆಲ್ ಬೇಡ. ಬಿಇಯಲ್ಲಿ ನಾವು ಗಣಿತದಲ್ಲಿ ಓದಿದ ಫೀಡ್‌ಬ್ಯಾಕ್ ಇದೇ. ಆದರೆ ಇದು ನಂಬುವುದು ಗಾಳಿಯನ್ನು, ದಿಕ್ಸೂಚಿಯನ್ನಲ್ಲ. ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತದೆ, ಎದ್ದು ನೋಡಲೇಬೇಕು.

1966ರ ಆಗಸ್ಟ್ 27ರಂದು, ಅರವತ್ತೈದರ ಹೊಸ್ತಿಲಲ್ಲಿ, ಜಿಪ್ಸಿ ಮಾತ್ 4 ಎಂಬ ದೋಣಿಯಲ್ಲಿ ಪ್ಲಿಮತ್‌ನಿಂದ ಹೊರಟರು. ನೂರು ದಿನದಲ್ಲಿ ಸಿಡ್ನಿ ಮುಟ್ಟುವ ಹಟ. ಇನ್ನೂ ಎರಡು ಸಾವಿರ ಮೈಲಿಗೂ ಹೆಚ್ಚು ದಾರಿ ಇರುವಾಗ ಹ್ಯಾಸ್ಲರ್ ಮಾದರಿಯ ಆ ಸಾಧನ ಮುರಿಯಿತು. ಹತ್ತಿರದ ಫ್ರೀಮ್ಯಾಂಟಲ್ ಬಂದರಿಗೆ ತಿರುಗಬಹುದಿತ್ತು. ಆ ಯೋಚನೆ ಬಿಟ್ಟು, ಒಂದು ಸಣ್ಣ ಹಾಯಿ ಎತ್ತಿ, ಅದರ ಹಗ್ಗವನ್ನು ಚುಕ್ಕಾಣಿಗೆ ಕಟ್ಟಿ, ಬಿಗಿ ಮಾಡಿ ಸಡಿಲ ಮಾಡಿ, ದೋಣಿ ತಾನಾಗಿ ಹೋಗುವಂತೆ ಮಾಡಿಕೊಂಡರು. ಅವರ ಸಾಹಸಗಳಲ್ಲೆಲ್ಲ ನನಗೆ ದೊಡ್ಡದೆನಿಸುವುದು ಇದೇ. 107ನೇ ದಿನ ಸಿಡ್ನಿ ತಲುಪಿದರು. ತಮ್ಮ ದೋಣಿಯನ್ನು ಅವರು ಬಯ್ಯುತ್ತಲೇ ಇದ್ದರಂತೆ. ಪಾಪ, ಭೂಮಿ ಸುತ್ತಿಸಿದ್ದು ಅದೇ.

ಸಿಡ್ನಿ ಬಿಟ್ಟ ಸ್ವಲ್ಪದರಲ್ಲೇ ದೋಣಿ ಮಗುಚಿ ಎದ್ದಿತು. ಅವರು ಹಿಂತಿರುಗಲಿಲ್ಲ. ಕೇಪ್ ಹಾರ್ನ್ ದಾಟಿ 1967ರ ಮೇ 28ರಂದು ಪ್ಲಿಮತ್ ಸೇರಿದರು. ಕಡಲಲ್ಲಿ ಕಳೆದದ್ದು 226 ದಿನ. ರಾಣಿ ಅವರಿಗೆ ಸರ್ ಪದವಿ ಕೊಟ್ಟರು.

1972ರಲ್ಲಿ ಕಾಯಿಲೆಯ ಮೈಯಲ್ಲೇ ಮತ್ತೆ ಅಟ್ಲಾಂಟಿಕ್ ಸ್ಪರ್ಧೆಗೆ ಹೊರಟರು, ನಡುದಾರಿಯಿಂದ ಮರಳಬೇಕಾಯಿತು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.