ಹೆಂಚ್ ಸಾಹೇಬರು ಮತ್ತು ದಾದಿಯ ಬಿಳಿ ಗುಳಿಗೆ

ನಮ್ಮ ಮನೆಯಲ್ಲಿ ದಾದಿಗೆ ಗುಳಿಗೆ ಕೊಡುವ ಕೆಲಸ ನನ್ನದು. ಪಿಯುಸಿಯಲ್ಲಿ ಕಾಮರ್ಸ್ ತಗೊಂಡಿದ್ದೇನೆ, ಲೆಕ್ಕ ಸರಿಯಾಗಿ ಇಡಬಲ್ಲೆ ಎಂದು ಅಬ್ಬಾ ಇದನ್ನು ನನಗೆ ಒಪ್ಪಿಸಿದ್ದಾರೆ. ನಮ್ಮ ಗುಂಜಿಯಲ್ಲಿ ಮಳೆ ಹಿಡಿದರೆ ಗೋಡೆ, ಹಾಸಿಗೆ, ಪುಸ್ತಕ ಎಲ್ಲವೂ ತೇವ. ಅಂಥ ದಿನಗಳಲ್ಲಿ ದಾದಿಯ ಬೆರಳುಗಳು ಊದಿ, ಬೆಳಿಗ್ಗೆ ಚಹಾದ ಕಪ್ ಹಿಡಿಯಲೂ ಆಗುತ್ತಿರಲಿಲ್ಲ. ಬೆಳಗಾವಿಯ ಡಾಕ್ಟರು ರುಮಟಾಯ್ಡ್ ಸಂಧಿವಾತ ಎಂದರು. ಬೇರೆ ಔಷಧಿಗಳ ಜೊತೆ ಪ್ರೆಡ್ನಿಸೊಲೋನ್ ಎಂಬ ಸಣ್ಣ ಬಿಳಿ ಗುಳಿಗೆಯನ್ನೂ ಬರೆದುಕೊಟ್ಟರು. ವಾರದೊಳಗೆ ದಾದಿ ತಾವೇ ರೊಟ್ಟಿ ಬಡಿದರು. ಅಮ್ಮಿ ಅತ್ತೇ ಬಿಟ್ಟರು.

ಕೆಲವು ತಿಂಗಳಾದ ಮೇಲೆ ದಾದಿಯ ಮುಖ ದುಂಡಗಾಯಿತು. ನಮ್ಮ ಉರ್ದು ಮನೆಗಳಲ್ಲಿ ಚಂದ್ರನಂಥ ಮುಖ ಎಂದರೆ ಹೊಗಳಿಕೆ. ಡಾಕ್ಟರುಗಳ ಪುಸ್ತಕದಲ್ಲಿ ಅದು ಸ್ಟೆರಾಯ್ಡ್‌ನ ಅಡ್ಡಪರಿಣಾಮದ ಹೆಸರು ಎಂದು ನನಗೆ ಆಮೇಲೆ ತಿಳಿಯಿತು. ಮದುವೆಗೆ ಬಂದಿದ್ದ ಸಂಬಂಧಿಕರೊಬ್ಬರು, ಅದು ಸ್ಟೆರಾಯ್ಡ್, ವಿಷ ಇದ್ದ ಹಾಗೆ, ಬಿಟ್ಟುಬಿಡಿ ಎಂದರು. ನೋವಂತೂ ಇರಲಿಲ್ಲ. ದಾದಿ ಯಾರಿಗೂ ಹೇಳದೆ ಅದೊಂದನ್ನು ನಿಲ್ಲಿಸಿದರು. ಆಗ ಗುಳಿಗೆಯ ಲೆಕ್ಕ ಇಡುವವರು ಯಾರೂ ಇರಲಿಲ್ಲ. ನಾಲ್ಕೈದು ದಿನಕ್ಕೆ ಸುಸ್ತು, ವಾಂತಿ. ಒಂದು ಬೆಳಿಗ್ಗೆ ಅಂಗಳದಲ್ಲಿ ಕುಸಿದು ಬಿದ್ದರು. ಖಾನಾಪುರಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದೆವು. ಬಿಪಿ ತೀರಾ ಇಳಿದಿತ್ತು. ಅಲ್ಲಿನ ಡಾಕ್ಟರು ಚೀಟಿ ನೋಡಿ ಮೊದಲು ಕೇಳಿದ್ದು, ಈ ಗುಳಿಗೆ ನಿಲ್ಲಿಸಿ ಎಷ್ಟು ದಿನವಾಯಿತು ಎಂದು. ಸಲೈನ್ ಹಚ್ಚಿ, ಅದೇ ಸ್ಟೆರಾಯ್ಡ್ ಜಾತಿಯ ಇಂಜೆಕ್ಷನ್ ಕೊಟ್ಟರು. ಸಂಜೆಗೆ ದಾದಿ ಎದ್ದು ಕುಳಿತು ನೀರು ಕೇಳಿದರು.

ತೆಗೆದುಕೊಂಡರೂ ತೊಂದರೆ, ಬಿಟ್ಟರೂ ತೊಂದರೆ. ಇಂಥ ಗುಳಿಗೆಯನ್ನು ಕಂಡುಹಿಡಿದವರು ಯಾರು ಎಂದು ನನಗೆ ಸಿಟ್ಟೇ ಬಂದಿತ್ತು. ಹುಡುಕಿದಾಗ ಸಿಕ್ಕವರು ಫಿಲಿಪ್ ಹೆಂಚ್.

ಹೆಂಚ್ 1896ರ ಫೆಬ್ರವರಿ 28ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಸೀಳು ಅಂಗುಳ, ಹಾಗಾಗಿ ಮಾತಾಡುವುದು ಕಷ್ಟ. ಆದರೂ ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲಿ ಉಪನ್ಯಾಸ ಕೊಟ್ಟರು. ಸ್ಟೇಜ್ ಮೇಲೆ ಕನ್ನಡದಲ್ಲಿ ಮಾತಾಡು ಎಂದರೆ ಬೆವರುವ ನನಗೆ ಇಲ್ಲಿಂದಲೇ ಅವರ ಮೇಲಿನ ಸಿಟ್ಟು ಕಡಿಮೆಯಾಯಿತು. 1920ರಲ್ಲಿ ಡಾಕ್ಟರಾಗಿ, ಮರುವರ್ಷ ರೋಚೆಸ್ಟರ್ ಊರಿನ ಮೇಯೊ ಕ್ಲಿನಿಕ್ ಸೇರಿದರು. 1926ರಲ್ಲಿ ಅಲ್ಲಿನ ಸಂಧಿವಾತ ವಿಭಾಗದ ಮುಖ್ಯಸ್ಥರಾದರು. ಆಗ ಈ ರೋಗಕ್ಕೆ ಆಸ್ಪಿರಿನ್, ಶಾಖ, ವಿಶ್ರಾಂತಿ ಬಿಟ್ಟರೆ ಕೊಡಲು ಹೆಚ್ಚೇನೂ ಇರಲಿಲ್ಲ.

1929ರ ಏಪ್ರಿಲ್ 1ರಂದು 65 ವರ್ಷದ ರೋಗಿಯೊಬ್ಬರು ಅವರಿಗೆ ವಿಚಿತ್ರ ಸಂಗತಿ ಹೇಳಿದರು. ಆ ರೋಗಿ ಸ್ವತಃ ಡಾಕ್ಟರ್. ತನಗೆ ಕಾಮಾಲೆ ಬಂದಿತ್ತು, ಅದು ಬಂದ ವಾರದೊಳಗೆ ಕೀಲುನೋವು ಮಾಯವಾಯಿತು, ಕಾಮಾಲೆ ಹೋದ ಮೇಲೂ ತಿಂಗಳುಗಟ್ಟಲೆ ನೋವು ಬರಲಿಲ್ಲ ಎಂದರು. ಬೇರೆಯವರಾದರೆ ಕೇಳಿ ಸುಮ್ಮನಾಗುತ್ತಿದ್ದರೇನೋ. ಹೆಂಚ್ ಇಂಥ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಬರೆದಿಟ್ಟುಕೊಂಡರು. ಗರ್ಭಿಣಿಯರಲ್ಲೂ ನೋವು ಇಳಿಯುವುದನ್ನು ಕಂಡರು. ಹಾಗಾದರೆ ಈ ರೋಗ ಹಿಂದಕ್ಕೆ ಸರಿಯಬಲ್ಲದು, ಸರಿಸುವ ವಸ್ತು ನಮ್ಮ ದೇಹದಲ್ಲೇ ಇದೆ ಎಂಬ ತೀರ್ಮಾನಕ್ಕೆ ಬಂದು ಅದಕ್ಕೆ ಎಕ್ಸ್ ಎಂದು ಹೆಸರಿಟ್ಟರು. ನಾವು ಗಣಿತದಲ್ಲಿ ಇಡುವ ಹಾಗೆಯೇ! ಪಿತ್ತರಸ ಕೊಟ್ಟು ನೋಡಿದರು, ಕಾಮಾಲೆ ಆದವರ ರಕ್ತ ಕೊಟ್ಟು ನೋಡಿದರು. ಎಕ್ಸ್ ಸಿಗಲಿಲ್ಲ.

ಅದೇ ಮೇಯೊದಲ್ಲಿ ಎಡ್ವರ್ಡ್ ಕೆಂಡಲ್ ಎಂಬ ರಸಾಯನ ವಿಜ್ಞಾನಿ ಇದ್ದರು. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಗ್ರಂಥಿಗಳಿರುತ್ತವೆ. ದನಗಳ ಅಡ್ರಿನಲ್‌ನಿಂದ ಕೆಂಡಲ್ ಹಲವು ವಸ್ತುಗಳನ್ನು ಬೇರ್ಪಡಿಸಿ ಎ, ಬಿ, ಇ, ಎಫ್ ಎಂದು ಅಕ್ಷರ ಕೊಟ್ಟಿದ್ದರು. ಇ ವಸ್ತುವನ್ನು ಸಂಧಿವಾತಕ್ಕೆ ಕೊಟ್ಟು ನೋಡಬೇಕೆಂದು 1941ರಲ್ಲೇ ಇಬ್ಬರೂ ಮಾತಾಡಿಕೊಂಡರು. ಆದರೆ ಕೊಡಲು ಸಾಕಷ್ಟು ವಸ್ತುವೇ ಇರಲಿಲ್ಲ. ಮಹಾಯುದ್ಧ ಬಂತು, ಹೆಂಚ್ ಸೇನೆಯ ಆಸ್ಪತ್ರೆಗೆ ಹೋದರು. ಮರ್ಕ್ ಕಂಪನಿಯ ಲೂಯಿಸ್ ಸಾರೆಟ್ ದನದ ಪಿತ್ತರಸದಿಂದ ಹತ್ತಾರು ಹಂತಗಳಲ್ಲಿ ಅದನ್ನು ತಯಾರಿಸಿದ ಮೇಲೆ ದಾರಿ ತೆರೆಯಿತು.

1948ರಲ್ಲಿ 29 ವರ್ಷದ ಮಹಿಳೆಯೊಬ್ಬರು ಮೇಯೊದಲ್ಲಿದ್ದರು. ಯಾವ ಚಿಕಿತ್ಸೆಯೂ ನಾಟಿರಲಿಲ್ಲ, ಗುಣವಾಗದೆ ಊರಿಗೆ ಹೋಗುವುದಿಲ್ಲ ಎಂದು ಹಠ ಹಿಡಿದಿದ್ದರು. ಸೆಪ್ಟೆಂಬರ್ 21ರಂದು ಅವರಿಗೆ ಮೊದಲ ಇಂಜೆಕ್ಷನ್ ಕೊಟ್ಟರು, ದಿನಕ್ಕೆ 100 ಮಿಲಿಗ್ರಾಂ. ಎರಡು ದಿನಕ್ಕೆ ಬಿಗಿತ ಸಡಿಲವಾಯಿತು. ಒಂದು ವಾರಕ್ಕೆ ಪೇಟೆಗೆ ಹೋಗಿ ಮೂರು ಗಂಟೆ ಸಾಮಾನು ಕೊಂಡು ಬಂದರು! ದಾದಿ ರೊಟ್ಟಿ ಬಡಿದ ದಿನ ನನಗೆ ನೆನಪಾಯಿತು. ವಿಟಮಿನ್ ಇ ಜೊತೆ ಗೊಂದಲವಾಗಬಾರದೆಂದು ಹೆಂಚ್ ಮತ್ತು ಕೆಂಡಲ್ ಇದಕ್ಕೆ ಕಾರ್ಟಿಸೋನ್ ಎಂದು ಹೊಸ ಹೆಸರಿಟ್ಟರು. ಕಾಮರ್ಸ್‌ನವರಿಗಾಗಿ ಒಂದು ಮಾತು: ಮೊದಲು ಗ್ರಾಂಗೆ 200 ಡಾಲರ್ ಇದ್ದ ಬೆಲೆ, 1952ರಲ್ಲಿ ಒಂದು ಜಾತಿಯ ಬೂಷ್ಟಿನ ಸಹಾಯದಿಂದ ತಯಾರಿಸುವ ವಿಧಾನ ಬಂದ ಮೇಲೆ ಸುಮಾರು 6 ಡಾಲರ್‌ಗೆ ಇಳಿಯಿತು.

1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಹೆಂಚ್ ತಮ್ಮ ಪಾಲಿನ ಹಣದಲ್ಲಿ ಜೊತೆಗಾರರಿಗೂ ಕೊಟ್ಟರು. ಸಂಧಿವಾತ ವಾರ್ಡ್ ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸನ್ಯಾಸಿನಿಯೊಬ್ಬರ ರೋಮ್ ಯಾತ್ರೆಗೂ ಕೊಟ್ಟರು. ನನಗೆ ನೊಬೆಲ್‌ಗಿಂತ ಇದೇ ದೊಡ್ಡದು ಅನಿಸಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇದು ರೋಗವನ್ನು ಬೇರುಸಹಿತ ಕೀಳುವ ಔಷಧಿಯಲ್ಲ, ನಿಲ್ಲಿಸಿದರೆ ನೋವು ಮರಳುತ್ತದೆ ಎಂದು ಹೆಂಚ್ ಮೊದಲಿನಿಂದಲೇ ಹೇಳುತ್ತಿದ್ದರು. ಪತ್ರಿಕೆಗಳಿಗೆ ಪವಾಡವೇ ಬೇಕಿತ್ತು. ಹೆಚ್ಚು ಪ್ರಮಾಣದಲ್ಲಿ ಪಡೆದವರ ಮುಖ ಊದಿತು, ಕೆಲವರ ಮನಸ್ಸಿನ ಸ್ಥಿಮಿತವೂ ತಪ್ಪಿತು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಅಡ್ರಿನಲ್‌ನ ಸಾರವನ್ನು ಹೊರಗಿನಿಂದ ಕೊಟ್ಟರೆ ಇಲಿಗಳ ಸ್ವಂತ ಅಡ್ರಿನಲ್ ಕುಗ್ಗುತ್ತದೆ ಎಂದು ಕೆಂಡಲ್ ಮತ್ತು ಅವರ ಜೊತೆಗಾರರು 1930ರ ದಶಕದಲ್ಲೇ ಕಂಡಿದ್ದರು. ಮನುಷ್ಯರಲ್ಲೂ ಹಾಗೆಯೇ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡೆ: ಹೊರಗಿನಿಂದ ಮಾಲು ಬರುತ್ತಲೇ ಇದ್ದರೆ ಮೆದುಳು ಊರಿನ ಕಾರ್ಖಾನೆಗೆ ಆರ್ಡರ್ ಕಳಿಸುವುದನ್ನು ನಿಲ್ಲಿಸುತ್ತದೆ. ಕಾರ್ಖಾನೆ ಮುಚ್ಚುತ್ತದೆ. ಆಮೇಲೆ ಒಂದೇ ದಿನ ಹೊರಗಿನ ಮಾಲು ನಿಂತರೆ ಎರಡೂ ಇಲ್ಲ. 1952ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 34 ವರ್ಷದ ಸಂಧಿವಾತ ರೋಗಿಯ ವಿಷಯ ಪ್ರಕಟಿಸಿತು. ಸೊಂಟದ ಕೀಲಿನ ಆಪರೇಶನ್‌ಗೆ ಮುಂಚೆ ಅವರ ಕಾರ್ಟಿಸೋನ್ ನಿಲ್ಲಿಸಲಾಗಿತ್ತು. ಆಪರೇಶನ್ ಆದ ಮೇಲೆ ಬಿಪಿ ಕುಸಿದು ತೀರಿಕೊಂಡರು. ಪರೀಕ್ಷಿಸಿದಾಗ ಅವರ ಅಡ್ರಿನಲ್ ಕುಗ್ಗಿಹೋಗಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಂಗಳವೇ ಕಣ್ಣ ಮುಂದೆ ಬರುತ್ತಿತ್ತು.

ಹೆಂಚ್ 1957ರಲ್ಲಿ ನಿವೃತ್ತರಾದರು. ಅವರಿಗೂ ಅವರ ಪತ್ನಿ ಮೇರಿಗೂ ಶೆರ್ಲಾಕ್ ಹೋಮ್ಸ್ ಪುಸ್ತಕ ಕೂಡಿಡುವ ಹುಚ್ಚು. ಕಾಮಾಲೆಯ ಸುಳಿವು ಹಿಡಿದು 19 ವರ್ಷ ನಡೆದವರಿಗೆ ಪತ್ತೇದಾರಿ ಕಥೆ ಇಷ್ಟವಾಗದೆ ಇನ್ನೇನು? ಹಳದಿ ಜ್ವರದ ಸಂಶೋಧನೆಯ ಹಳೆಯ ಕಾಗದಪತ್ರಗಳನ್ನೂ ಕೂಡಿಸಿದರು. 1965ರ ಮಾರ್ಚ್ 30ರಂದು ಜಮೈಕಾದಲ್ಲಿ, ರಜೆಗೆ ಹೋಗಿದ್ದಾಗ, ನ್ಯುಮೋನಿಯಾದಿಂದ ತೀರಿಕೊಂಡರು.

ಈಗ ದಾದಿಯ ಲೆಕ್ಕದ ಪುಸ್ತಕ. ಆಸ್ಪತ್ರೆಯಿಂದ ಬರುವಾಗ ಡಾಕ್ಟರು 20 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿ, ಇಳಿಸುವ ಪಟ್ಟಿ ಬರೆದುಕೊಟ್ಟರು: 15, 10, ಏಳೂವರೆ, 5. ಅಂದಾಜು ನಮ್ಮ ದೇಹ ದಿನಕ್ಕೆ ತಾನೇ ತಯಾರಿಸುವುದು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮವಾದಷ್ಟು, ಆದ್ದರಿಂದ ಕೆಳಗೆ ಬಂದಂತೆ ನಿಧಾನ ಹೆಚ್ಚಬೇಕು ಎಂದರು. ನಾನು ನೋಡಿದೆ, ಪ್ರತಿ ಸಲ ಇಳಿಯುವುದು ಉಳಿದದ್ದರ ಕಾಲು ಭಾಗ, ಇಲ್ಲವೆ ಮೂರರಲ್ಲೊಂದು ಭಾಗ. ಉಳಿದ ಮೌಲ್ಯದ ಮೇಲೆ ಸವಕಳಿ ಹಾಕುವುದನ್ನು ನಾವು ಫಸ್ಟ್ ಪಿಯುಸಿಯಲ್ಲಿ ಕಲಿತೆವಲ್ಲ, ಅದೇ! ಇದು ದಾದಿಯ ಪಟ್ಟಿ. ಬೇರೆಯವರದು ಅವರ ಡಾಕ್ಟರು ಬರೆದ ಹಾಗೆ. ಜ್ವರ ಬಂದರೆ ಏನು ಮಾಡಬೇಕೆಂದು ಬೇರೆ ಚೀಟಿಯಿದೆ, ಅದು ಫ್ರಿಜ್ ಮೇಲೆ ಅಂಟಿದೆ.

ಏಳೂವರೆಯ ತಿಂಗಳಲ್ಲಿ ಗುಳಿಗೆಯನ್ನು ಬ್ಲೇಡಿನಿಂದ ಎರಡು ಹೋಳು ಮಾಡುತ್ತಿದ್ದೆ. ಪುಡಿಯಾದರೆ ದಾದಿ ಬೈಯುತ್ತಿದ್ದರು. ಅದೇ ತಿಂಗಳು ಕೀಲು ಮತ್ತೆ ಸ್ವಲ್ಪ ನೊಂದಿತು, ನಿಲ್ಲಿಸಿಯೇ ಬಿಡಲಾ ಎಂದು ಒಮ್ಮೆ ಕೇಳಿದರು. ಆಗ ನಾನು ಅವರಿಗೆ ಹೆಂಚ್ ಸಾಹೇಬರ ಕಥೆಯನ್ನು ನಮ್ಮ ಉರ್ದುವಿನಲ್ಲಿ ಹೇಳಿದೆ. ಪೇಟೆಗೆ ಹೋಗಿ ಬಂದ ಆ ಹೆಂಗಸು ಏನೇನು ಕೊಂಡಳು ಎಂದು ದಾದಿ ಕೇಳಿದರು. ಅದು ನನಗೆ ಗೊತ್ತಿರಲಿಲ್ಲ.

ಈಗ 5ರಲ್ಲಿದ್ದೇವೆ. ಇದಕ್ಕಿಂತ ಕೆಳಗಿಳಿಯುವ ಮುಂಚೆ ದಾದಿಯ ಸ್ವಂತ ಅಡ್ರಿನಲ್ ಎದ್ದಿದೆಯೇ ಎಂದು ನೋಡಲು ಬೆಳಿಗ್ಗೆ ಎಂಟರ ಹೊತ್ತಿಗೆ ರಕ್ತ ಕೊಡಬೇಕು, ಆ ದಿನದ ಗುಳಿಗೆ ರಕ್ತ ಕೊಟ್ಟ ಮೇಲೆಯೇ. ಗುಂಜಿಯಿಂದ ಕತ್ತಲಿರುವಾಗಲೇ ಹೊರಡಬೇಕಾಗುತ್ತದೆ. ಮುಂದಿನ ತಿಂಗಳು ಒಂದು ದಿನ ಅಕೌಂಟೆನ್ಸಿಯ ಮೊದಲ ಪಿರಿಯಡ್‌ಗೆ ನಾನು ಇರದಿದ್ದರೆ, ಸರ್, ಕಾರಣ ಇದೇ.